ತೊಳೆದು ಕೊಟ್ಟ ಕ್ಯಾನು

ಕಾಚಿಗೂಡ ನಿಲ್ದಾಣದ ಎದುರಿಗೆ, ಲಾಡ್ಜುಗಳ ಸಾಲು ಮುಗಿಯುವ ಕಡೆ, ಒಬ್ಬಾಕೆ ಅಗಲವಾದ ತಟ್ಟೆಯಲ್ಲಿ ಗಿಣ್ಣ ಇಟ್ಟುಕೊಂಡು ಕುಳಿತಿದ್ದಳು. ಏಲಕ್ಕಿ, ಕರಿಮೆಣಸು, ಬೆಲ್ಲದ ಪರಿಮಳ ಮೊದಲು ಬಂತು. ಅದರ ಹಿಂದೆಯೇ, ಆಗಷ್ಟೇ ಈದ ಎಮ್ಮೆಯ ಮೊದಲ ಹಾಲಿಗೆ ಮಾತ್ರ ಇರುವ ಆ ಭಾರವಾದ ವಾಸನೆ. ಇಲ್ಲಿನವರು ಇದನ್ನು ಜುನ್ನು ಎನ್ನುತ್ತಾರೆ. ನಾನು ನಿಂತುಬಿಟ್ಟೆ. ಸೇಡಂಗೆ ಹೋಗುವ ಗಾಡಿಗೆ ಇನ್ನೂ ಹೊತ್ತಿತ್ತು.

ನನ್ನ ಚೀಲದಲ್ಲಿ ಐದು ಲೀಟರಿನ ಒಂದು ಸ್ಟೀಲ್ ಕ್ಯಾನಿತ್ತು. ಆ ಮಧ್ಯಾಹ್ನ ನಾಚಾರಂನ ಮಣ್ಣೂರ ಸರ್ ಅವರ ಮನೆಯಿಂದ ತಂದದ್ದು. ಸರ್ ತೀರಿಕೊಂಡು ಒಂದು ತಿಂಗಳಾಗಿತ್ತು. ಅವರ ಮಗಳು ಫೋನ್ ಮಾಡಿ, ‘ಅಪ್ಪ ನಿಮಗಂತ ಒಂದು ಸಾಮಾನು ಇಟ್ಟಾರ, ಬಂದು ಒಯ್ರಿ’ ಅಂದಿದ್ದರು. ಹೋಗಿ ನೋಡಿದರೆ ಈ ಕ್ಯಾನು. ಅದನ್ನು ಕಂಡ ಕೂಡಲೇ ನನಗೆ ಬಹಳ ವರ್ಷಗಳ ಹಿಂದಿನ ಒಂದು ಮಳೆಗಾಲ ನೆನಪಾಯಿತು. ಈಗ ಈ ವಾಸನೆಗೆ ಉಳಿದದ್ದೂ ನೆನಪಾಯಿತು.

ಆಗ ನನಗೆ ಇಪ್ಪತ್ತೆರಡು. ಎಂ.ಎಸ್ಸಿ. ಮುಗಿಸಿ ಜೂನ್ ಮೊದಲ ವಾರ ಹೈದರಾಬಾದಿಗೆ ಬಂದೆ. ಊರಿಗೆ ಊರೇ ಕಂಪ್ಯೂಟರ್ ಎನ್ನುತ್ತಿದ್ದ ಕಾಲ ಅದು. ಬಸ್ಸಿನ ಬೆನ್ನ ಮೇಲೆ, ಕರೆಂಟಿನ ಕಂಬದ ಮೇಲೆ, ಮೂತ್ರಿಗಳ ಗೋಡೆಯ ಮೇಲೆ ಕೂಡ ಕಂಪ್ಯೂಟರ್ ಕ್ಲಾಸಿನ ಜಾಹೀರಾತು. ನನ್ನ ಜೊತೆ ಓದಿದವರೆಲ್ಲ ಕಂಪ್ಯೂಟರ್ ಕಲಿಯಲು ಅಮೀರ್‌ಪೇಟೆಯಲ್ಲಿ ರೂಮು ಹಿಡಿದಿದ್ದರು. ನಾನು ಮಾತ್ರ ನಾಚಾರಂ ಬಸ್ಸು ಹತ್ತಿದೆ. ಪೇಪರಿನಲ್ಲಿ ಎರಡು ಸಾಲಿನ ಜಾಹೀರಾತು ಬಂದಿತ್ತು: ಪ್ರೋಟೀನ್ ಶುದ್ಧೀಕರಣಕ್ಕೆ ಸಹಾಯಕರು ಬೇಕು, ಕೈ ನಿಧಾನ ಇರಬೇಕು.

ಕೈ ನಿಧಾನ ಇರಬೇಕು ಅಂತ ಬೇರೆ ಯಾವ ಕೆಲಸದ ಜಾಹೀರಾತಿನಲ್ಲೂ ನಾನು ಓದಿಲ್ಲ.

ಮಣ್ಣೂರ ಸರ್ ಕಲಬುರ್ಗಿ ಕಡೆಯವರು. ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ನೌಕರಿ ಮುಗಿಸಿ, ನಾಚಾರಂ ಕೈಗಾರಿಕಾ ವಸಾಹತಿನಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದಿದ್ದರು. ಪಕ್ಕದಲ್ಲಿ ಪ್ಲಾಸ್ಟಿಕ್ ಬಕೆಟಿನ ಕಾರ್ಖಾನೆ, ಹಿಂದೆ ಬ್ಯಾಟರಿ ರಿಪೇರಿ. ನಮ್ಮ ಶೆಡ್ಡಿನ ಅರ್ಧ ಭಾಗ ಫ್ರಿಜ್ಜಿನಷ್ಟು ತಣ್ಣಗಿನ ಕೋಣೆ. ಎಲ್ಲ ಕೆಲಸ ಅದರೊಳಗೇ. ಬಕೆಟ್ ಕಾರ್ಖಾನೆಯ ಹೆಂಗಸರು ಬೆವರು ಒರೆಸಿಕೊಳ್ಳುತ್ತ ಹೊರಗೆ ಕೂತಿದ್ದರೆ, ನಾನು ಜೂನ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು, ಕಿವಿಗೆ ಸ್ಕಾರ್ಫ್ ಸುತ್ತಿಕೊಂಡು ಚಹಾಕ್ಕೆ ಹೊರಬರುತ್ತಿದ್ದೆ. ‘ಕಾಶ್ಮೀರ್ ಸೇ ಆಗಯೀ’ ಅಂತ ನಗುತ್ತಿದ್ದರು.

ಕೆಲಸ ಇಷ್ಟೇ. ಎಮ್ಮೆ ಈದ ದಿನದ ಹಾಲಿನಲ್ಲಿ, ಕರುವನ್ನು ಕ್ರಿಮಿಗಳಿಂದ ಕಾಯುವ ಕೆಲವು ಪ್ರೋಟೀನುಗಳಿರುತ್ತವೆ. ಅದರಲ್ಲೊಂದು ಲ್ಯಾಕ್ಟೋಫೆರಿನ್. ಕ್ರಿಮಿಗಳು ಬೆಳೆಯಲು ಬೇಕಾದ ಕಬ್ಬಿಣವನ್ನು ಅದು ತಾನೇ ಹಿಡಿದುಕೊಂಡು ಬಿಡುತ್ತದೆ. ಆ ಕಬ್ಬಿಣದಿಂದಲೇ ಅದಕ್ಕೆ ತುಸು ಗುಲಾಬಿ ಬಣ್ಣ. ಅದನ್ನು ಹಾಲಿನ ಉಳಿದೆಲ್ಲದರಿಂದ ಬೇರ್ಪಡಿಸಬೇಕು, ಆದರೆ ಅದರ ರಚನೆ ಕೆಡಬಾರದು.

‘ರಚನಾ ಅಂದ್ರ ಏನು, ಹೇಳು’ ಎಂದು ಮೊದಲ ದಿನ ಸರ್ ಕೇಳಿದರು. ನಾನು ಪುಸ್ತಕದಲ್ಲಿದ್ದುದನ್ನು ಒಪ್ಪಿಸಿದೆ. ಅವರು ತಲೆ ಅಲ್ಲಾಡಿಸಿದರು.

‘ನಿಮ್ಮ ಅಜ್ಜ ತಲಿಗೆ ಪಟಗಾ ಸುತ್ತತಿದ್ರೇನು?’

‘ಹೂಂ ಸರ್.’

‘ಪಟಗಾ ಬಿಚ್ಚಿದ್ರ ಬಟ್ಟಿ ಅಷ್ಟ ಇರತೈತಿ. ಒಂದು ನೂಲು ಕಡಿಮಿ ಆಗಂಗಿಲ್ಲ. ಆದ್ರ ಪಟಗಾ ಇರಂಗಿಲ್ಲ. ಇದೂ ಹಂಗ. ಬಿಸಿ ತಾಗಿದ್ರ ಬಿಚ್ಚತೈತಿ, ಹುಳಿ ಹೆಚ್ಚಾದ್ರ ಬಿಚ್ಚತೈತಿ, ನೊರಿ ಬಂದ್ರೂ ಬಿಚ್ಚತೈತಿ. ಬಿಚ್ಚಿದ ಮ್ಯಾಲ ಬರೇ ಬಟ್ಟಿ. ಕ್ರಿಮಿ ಅದಕ್ಕ ಅಂಜಂಗಿಲ್ಲ.’

ಹೇಳುವಾಗ ಅವರ ಬಲಗೈ ಮೇಜಿನ ಮೇಲೆ ಸಣ್ಣಗೆ ನಡುಗುತ್ತಿತ್ತು. ಹಾಲನ್ನು ಪಾತ್ರೆಯಿಂದ ಪಾತ್ರೆಗೆ ನೊರೆ ಬಾರದಂತೆ ಸುರಿಯುವುದು ಅವರಿಂದ ಆಗುತ್ತಿರಲಿಲ್ಲ. ಜಾಹೀರಾತಿನ ಅರ್ಥ ನನಗೆ ಅವತ್ತು ತಿಳಿಯಿತು.

ಸರ್‌ಗೆ ಆತುರವೂ ಇತ್ತು, ಅದಕ್ಕೆ ಕಾರಣವಿತ್ತು. ಎಳೆಮಕ್ಕಳ ಆಹಾರ ತಯಾರಿಸುವ ಮುಂಬೈನ ಒಂದು ಕಂಪನಿ ನಮ್ಮ ಮಾದರಿ ನೋಡಲು ಒಪ್ಪಿತ್ತು. ವರ್ಷ ಮುಗಿಯುವುದರೊಳಗೆ ಒಂದು ಮಾದರಿ ಕಳಿಸಿ, ಅದು ಅವರ ಪರೀಕ್ಷೆಯಲ್ಲಿ ಪಾಸಾಗಿ, ಅದರ ಬೆನ್ನಿಗೆ ಅಂಥವೇ ಇನ್ನೂ ಕೆಲವು ಕೊಟ್ಟರೆ ಕೆಲಸ ಮುಂದುವರಿಯುತ್ತಿತ್ತು. ಇಲ್ಲವಾದರೆ ಮಾರ್ಚಿಗೆ ಶೆಡ್ ಬಿಡಬೇಕು. ಶೆಡ್ಡಿನ ಮಾಲೀಕರು ವಾರಕ್ಕೊಮ್ಮೆ ಬಂದು ತಣ್ಣನೆಯ ಕೋಣೆಯ ಗೋಡೆ ತಟ್ಟಿ ನೋಡುತ್ತಿದ್ದರು. ‘ಸಾಬ್, ಏ ಕಮರಾ ಕಂಪ್ಯೂಟರ್ ಕೇ ಲಿಯೇ ಏಕ್‌ದಂ ಫಿಟ್ ಹೈ. ಏಸೀ ಭೀ ಹೈ’ ಎಂದು ಕೋಣೆಯನ್ನು ಕಂಪ್ಯೂಟರಿನವರಿಗೆ ಕೊಡುವ ಆಸೆ ತೋರಿಸುತ್ತಿದ್ದರು. ಸರ್ ನಗುತ್ತಿದ್ದರು.

ಇನ್ನು ಹಾಲು. ಉಪ್ಪಲ್ ಆಚೆ ಆಗ ಎಮ್ಮೆಯ ಕೊಟ್ಟಿಗೆಗಳ ಒಂದು ಸಾಲಿತ್ತು. ತಬೇಲಾ ಎನ್ನುತ್ತಿದ್ದರು. ಅಲ್ಲಿ ಭೀಮವ್ವ ಇದ್ದಳು. ಶೋರಾಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು. ಗಂಡ ತೀರಿದ ಮೇಲೆ ತಲೆಯ ಮೇಲೆ ಕಲ್ಲು-ಕಾಂಕ್ರೀಟು ಹೊರುವುದು ಬಿಟ್ಟು, ಒಂದು ಎಮ್ಮೆ ಕೊಂಡಿದ್ದಳು. ಚಂದ್ರಿ ಅಂತ ಅದರ ಹೆಸರು. ತನ್ನದರ ಜೊತೆಗೆ ಸಾಲಿನ ಬೇರೆಯವರ ಎಮ್ಮೆಗಳ ಬಾಣಂತನವನ್ನೂ ಅವಳೇ ಮಾಡುತ್ತಿದ್ದಳು. ಯಾವ ಎಮ್ಮೆ ಈದರೂ ಗಿಣ್ಣದ ಹಾಲಿನಲ್ಲಿ ಅವಳಿಗೆ ಒಂದು ಪಾಲು.

ಅದನ್ನು ನಮಗೆ ಕೊಡು ಎಂದಾಗ ಅವಳು ಮುಖ ತಿರುಗಿಸಿದಳು. ‘ಗಿಣ್ಣ ಮಾರಂಗಿಲ್ಲರಿ. ಅದು ಕೊಡೂದು. ರೊಕ್ಕ ತಗೊಂಡ್ರ ಎಮ್ಮಿ ಮುಖ ಹೆಂಗ ನೋಡ್ಲಿ?’

ಸರ್ ಅಲ್ಲೇ ಇಟ್ಟಿಗೆಯ ಮೇಲೆ ಕುಳಿತು, ಅದನ್ನು ಏತಕ್ಕೆ ಬಳಸುತ್ತಾರೆಂದು ಹೇಳಿದರು. ಒಂಬತ್ತು ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು, ತಾಯಿಯ ಹಾಲು ಸಿಗದವು, ಅಂಥವಕ್ಕೆ ಕೊಡುವ ಪುಡಿಯಲ್ಲಿ ಇದು ಸೇರಬಹುದು ಎಂಬ ಆಸೆಯನ್ನು. ಖಂಡಿತ ಸೇರುತ್ತದೆ ಎನ್ನಲಿಲ್ಲ. ಆಗಬಹುದು ಎಂದಷ್ಟೇ.

‘ತಾಯಿ ಹಾಲಿಲ್ಲದ ಕೂಸಿಗೇನ್ರಿ?’ ಎಂದು ಅವಳು ಮತ್ತೊಮ್ಮೆ ಕೇಳಿದಳು. ಸುಮಾರು ಹೊತ್ತು ಚಂದ್ರಿಯ ಬೆನ್ನು ತಿಕ್ಕಿದಳು. ‘ಹಂಗಾದ್ರ ಒಯ್ರಿ. ಆದ್ರ ಕರು ಹೊಟ್ಟಿ ತುಂಬ ಕುಡದ ಮ್ಯಾಲ ಉಳದದ್ದು. ಅದಕ್ಕಿಂತ ಮೊದಲು ಒಂದು ಹನಿ ಕೇಳಬ್ಯಾಡ್ರಿ.’

‘ಕೇಳಂಗಿಲ್ಲವಾ’ ಎಂದರು ಸರ್. ರೊಕ್ಕದ ಬದಲು ಹತ್ತಿಕಾಳಿನ ಹಿಂಡಿಯ ಚೀಲ ಕಳಿಸುವುದು ಎಂದಾಯಿತು.

ಮೊದಲ ಸಲ ಈ ಕ್ಯಾನಿನಲ್ಲೇ ಹಾಲು ತಂದು, ಎರಡನೇ ಸಲಕ್ಕೆ ನಾನು ಅದನ್ನು ಒಯ್ದಾಗ ಜಗಳವಾಯಿತು. ನಾನು ಅದನ್ನು ಕುದಿಸಿ, ಒಣಗಿಸಿ, ಕನ್ನಡಿಯಂತೆ ಮಾಡಿ ಒಯ್ದಿದ್ದೆ. ಭೀಮವ್ವ ಮುಚ್ಚಳ ತೆಗೆದು ಒಳಗೆ ನೋಡಿ ಅಲ್ಲೇ ನಿಂತಳು.

‘ಖಾಲಿ ತಂದೀಯೇನ ತಂಗಿ? ತೊಳದು?’

‘ತೊಳದ ತರಬೇಕಲ್ಲ.’

‘ಗಿಣ್ಣದ ಭಾಂಡೆ ತೊಳದು ಖಾಲಿ ಕೊಡತಾರೇನು ಯಾರರೆ? ಹಂಗ ಕೊಟ್ರ ಇನ್ನ ನಿಮ್ಮ ನಮ್ಮ ಸಂಬಂಧ ಮುಗೀತು ಅಂದಂಗ. ಎಷ್ಟ ಓದೀದಿ ನೀ?’

‘ಎಂ.ಎಸ್ಸಿ.’

‘ಅಲ್ಲಿ ಇದು ಹೇಳಲಿಲ್ಲೇನು?’ ಅಂದು ನಕ್ಕಳು. ಪಕ್ಕದ ಕೊಟ್ಟಿಗೆಯವರೂ ನಕ್ಕರು. ಅವರ ಊರಲ್ಲಿ ಗಿಣ್ಣ ಕೊಟ್ಟ ಪಾತ್ರೆ ತಿರುಗಿ ಬರುವಾಗ ಒಳಗೆ ಒಂದು ಚೂರು ಬೆಲ್ಲವೋ ಒಂದು ಹಿಡಿ ಜೋಳವೋ ಇರಬೇಕಂತೆ. ನಾನು ಬಂದು ಸರ್‌ಗೆ ಹೇಳಿದೆ. ಅವರು ಇದನ್ನು ಸಣ್ಣ ಮಾತು ಅಂದುಕೊಳ್ಳಲಿಲ್ಲ. ‘ಒಳಗ ಏನೂ ಇಡಾಕ ಬರಂಗಿಲ್ಲ. ಒಂದು ಕಾಳು ಸಕ್ಕರಿ ಇದ್ರೂ ಇರಬಾರದ್ದೆಲ್ಲ ಅಲ್ಲಿ ಬೆಳೀತೈತಿ. ಹೊರಗ ಕಟ್ಟೋಣು’ ಎಂದರು. ಆಮೇಲೆ ಪ್ರತಿಸಲ ಒಂದು ಬೆಲ್ಲದ ಉಂಡೆಯನ್ನು ಬಟ್ಟೆಯಲ್ಲಿ ಕಟ್ಟಿ ಕ್ಯಾನಿನ ಹಿಡಿಕೆಗೆ ತೂಗುಹಾಕಿ ಒಯ್ಯುತ್ತಿದ್ದೆ. ಭೀಮವ್ವ ಅದನ್ನು ಹಲ್ಲಿನಿಂದ ಕಚ್ಚಿ ಎರಡು ಮಾಡಿ, ದೊಡ್ಡದನ್ನು ಚಂದ್ರಿಗೆ ತಿನ್ನಿಸುತ್ತಿದ್ದಳು.

ತಿರುಗಿ ಬರುವಾಗ ಕ್ಯಾನಿನ ಸುತ್ತ ಐಸು ತುಂಬಿ, ಮೇಲೆ ಗೋಣಿತಾಟು ಹೊದಿಸಿ, ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ‘ಏನು ಹಾಲಿಗೆ ಜ್ವರ ಬಂದೈತೇನ ತಂಗಿ?’ ಎಂದು ಅವಳು ಕೂಗುತ್ತಿದ್ದಳು. ಉಪ್ಪಲ್ ರಸ್ತೆಯಲ್ಲಿ ಆಗ ಎಲ್ಲೆಲ್ಲೂ ಗುಂಡಿ. ಗುಂಡಿ ಬಂದಾಗಲೆಲ್ಲ ನಾನು ಕ್ಯಾನನ್ನು ಎರಡೂ ಕೈಯಲ್ಲಿ ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಆಟೋದವನು ಕನ್ನಡಿಯಲ್ಲಿ ನೋಡಿ, ಒಳಗೆ ದೇವರಿದೆ ಎಂದುಕೊಂಡು ನಿಧಾನ ಮಾಡುತ್ತಿದ್ದ.

ದಿನಚರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಬಂದ ಚಟ. ಆ ಜೂನ್, ಜುಲೈನ ಪುಟಗಳು ಈಗ ಓದಿದರೆ ಬರೀ ಸೋಲು. ‘ಮೊದಲ ಬ್ಯಾಚ್. ಸುರಿಯುವಾಗ ನೊರೆ. ಹಾಳು.’ ‘ಎರಡನೆಯದು. ರಾತ್ರಿ ಕರೆಂಟ್ ಹೋಗಿತ್ತು. ಹಾಳು.’ ‘ಮಳೆ. ಉಪ್ಪಲ್‌ಗೆ ಹೋಗಲಾಗಲಿಲ್ಲ.’ ಕೆನೆ ತೆಗೆದು, ಗಿಣ್ಣ ಗಟ್ಟಿಯಾಗುವ ಭಾಗವನ್ನು ಬೇರೆ ಮಾಡಿ, ಉಳಿದ ತಿಳಿಯನ್ನು ಸಣ್ಣ ಮಣಿಗಳು ತುಂಬಿದ ಗಾಜಿನ ಕೊಳವೆಯೊಳಗೆ ಹನಿ ಹನಿಯಾಗಿ ಬಿಡಬೇಕು. ನಮ್ಮ ಪ್ರೋಟೀನ್ ಮಣಿಗಳಿಗೆ ಅಂಟಿಕೊಳ್ಳುತ್ತದೆ. ಉಳಿದದ್ದು ಇಳಿದು ಹೋಗುತ್ತದೆ. ಆಮೇಲೆ ಉಪ್ಪುನೀರು ಬಿಟ್ಟರೆ ಅದು ಮಣಿಗಳನ್ನು ಬಿಟ್ಟು ಕೆಳಗಿಳಿಯುತ್ತದೆ. ಎಲ್ಲ ಸರಿಯಾಗಿದ್ದರೆ ಕೊಳವೆಯೊಳಗೆ ಒಂದು ಗುಲಾಬಿ ಪಟ್ಟಿ ಮೆಲ್ಲಗೆ ಇಳಿಯುವುದು ಕಾಣುತ್ತದೆ ಎಂದು ಸರ್ ಹೇಳುತ್ತಿದ್ದರು. ಎರಡು ತಿಂಗಳಾದರೂ ನಾನದನ್ನು ಕಂಡಿರಲಿಲ್ಲ.

ಕಡೆಯ ಪರೀಕ್ಷೆ ಸುಲಭ. ಚಿಕ್ಕ ತಟ್ಟೆಯಲ್ಲಿ ಕ್ರಿಮಿಗಳನ್ನು ಹರಡಿ, ನಡುವೆ ನಮ್ಮ ಪ್ರೋಟೀನಿನ ಹನಿ ಇಡುವುದು. ಮರುದಿನ ತಟ್ಟೆ ತುಂಬ ಕ್ರಿಮಿ ಬೆಳೆದು ಮಂಜಾಗಿರುತ್ತದೆ. ಹನಿಯ ಸುತ್ತ ಮಾತ್ರ ಏನೂ ಬೆಳೆಯದೆ ತಿಳಿಯಾದ ಒಂದು ಉಂಗುರ ಇರಬೇಕು. ಉಂಗುರ ಬಂದರೆ ಪಟಗಾ ಬಿಚ್ಚಿಲ್ಲ ಎಂದರ್ಥ.

ಆಗಸ್ಟಿನಲ್ಲಿ ಉಂಗುರ ಬಂತು. ದೊಡ್ಡದು. ನಾನು ಸ್ವೆಟರ್ ಹಾಕಿಕೊಂಡೇ ಹೊರಗೆ ಓಡಿಬಂದು ಬಕೆಟ್ ಕಾರ್ಖಾನೆಯವರಿಗೆ ಪೇಡೆ ಹಂಚಿದೆ. ಸರ್ ಮಾತ್ರ ಕೊಳವೆಯನ್ನೇ ನೋಡುತ್ತ ನಿಂತಿದ್ದರು. ಮೇಲ್ಗಡೆಯ ಮಣಿಗಳು ಹಳದಿಯಾಗಿದ್ದವು. ಅವರು ಹಾಲಿನ ಕ್ಯಾನನ್ನು ತರಿಸಿ ಮೂಸಿದರು, ತಳದಲ್ಲಿ ಬೆರಳಾಡಿಸಿ ಬೆಳಕಿಗೆ ಹಿಡಿದರು.

‘ಅರಿಶಿಣ’ ಎಂದರು.

ಅವತ್ತೇ ಇನ್ನೊಂದು ತಟ್ಟೆಯಲ್ಲಿ ಬರೀ ಅರಿಶಿಣದ ನೀರು ಇಟ್ಟು ನೋಡಿದೆವು. ಮರುದಿನ ಅದರ ಸುತ್ತಲೂ ಉಂಗುರ. ಅರಿಶಿಣವೂ ಕ್ರಿಮಿಗೆ ವೈರಿಯೇ. ‘ಹಂಗಾದ್ರ ನಿನ್ನೆ ಬಂದದ್ದು ಯಾರ ಉಂಗುರ, ಶೈಲಾ?’ ಎಂದು ಸರ್ ಕೇಳಿದರು. ಮುಂಬೈನವರು ಹಳದಿ ಬಣ್ಣ ಕಂಡರೆ ಮುಂದೆ ನೋಡುವುದೇ ಇಲ್ಲ. ಮಾದರಿ ಬಚ್ಚಲಿಗೆ ಹೋಯಿತು.

ಭೀಮವ್ವ ಅದನ್ನೇನೂ ಮುಚ್ಚಿಡಲಿಲ್ಲ. ‘ಹೂಂ, ಚಿಟಿಕಿ ಅರಿಶಿಣ ಹಾಕತೀನಿ. ಗಿಣ್ಣ ಹೊಸ್ತಿಲ ದಾಟೂವಾಗ ಹಾಕಬೇಕು. ನಾಕು ಮಂದಿ ಕಣ್ಣು ಬೀಳತೈತಿ. ಕಣ್ಣು ಹಾಲಿಗೆ ಬೀಳಂಗಿಲ್ಲ, ಕರುಕ್ಕ ಬೀಳತೈತಿ.’

‘ಭೀಮವ್ವಾ, ಅದು ಬಿದ್ರ ನಮ್ಮ ಕೆಲಸ ಕೆಡತೈತಿ’ ಎಂದರು ಸರ್.

‘ಅರಿಶಿಣದಿಂದ ಕೆಡೂ ಕೆಲಸ ಎಂಥಾದ್ರಿ ಅದು?’

ಸರ್ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. ಬಹಳ ಹೊತ್ತು ಮಾತಾದ ಮೇಲೆ ಸರ್ ಒಂದು ದಾರಿ ಹೇಳಿದರು: ಬೆಲ್ಲದಂತೆ ಅರಿಶಿಣವೂ ಕ್ಯಾನಿನ ಹೊರಗೆ. ಬೇಕಾದರೆ ಮೈತುಂಬ ಬಳಿ, ಬೇವಿನ ಎಲೆ ಕಟ್ಟು, ಒಳಗೆ ಮಾತ್ರ ಬೇಡ.

‘ಹೊರಗ ಹಚ್ಚಿದ್ರ ನಡಿತೈತೇನ್ರಿ?’ ಅಂತ ಅವಳು ಕೇಳಿದಳು. ಅವಳು ಕೇಳಿದ್ದು ಚೌಕಾಸಿಯ ದನಿಯಲ್ಲಿ ಅಲ್ಲ. ದೊಡ್ಡವರು, ಓದಿದವರು, ನಮ್ಮ ಕಡೆಯವರು, ಇವರಿಗೆ ಗೊತ್ತಿರುತ್ತದೆ ಎಂಬ ದನಿಯಲ್ಲಿ.

‘ನಡಿತೈತವಾ’ ಎಂದರು ಸರ್.

ಚಂದ್ರಿ ದೀಪಾವಳಿಯ ಹಿಂದಿನ ವಾರ ಈಯಿತು. ಹೆಣ್ಣು ಕರು. ಹಣೆಯ ಮೇಲೆ ಬಿಳಿ ಚುಕ್ಕೆ. ಭೀಮವ್ವನ ಮಾತು ಅವತ್ತು ನಿಲ್ಲಲೇ ಇಲ್ಲ. ಈ ಕರು ದೊಡ್ಡದಾದರೆ ಎರಡು ಎಮ್ಮೆ ಆಗುತ್ತವೆ, ಎರಡಾದರೆ ಮತ್ತೆ ಯಾರ ಬಿಲ್ಡಿಂಗಿಗೂ ಕಲ್ಲು ಹೊರುವುದು ಬೇಡ. ಕರು ಕುಡಿದು, ಕಾಲು ಮಡಚಿ ಮಲಗುವವರೆಗೆ ನಾನು ಕಾದೆ. ಆಮೇಲೆ ಅವಳು ಕ್ಯಾನಿಗೆ ಹಾಲು ಕರೆದಳು. ಅರಿಶಿಣದ ಡಬ್ಬಿ ತೆಗೆದು, ಚಿಟಿಕೆ ಹಿಡಿದು, ಕೈ ಕ್ಯಾನಿನ ಬಾಯ ಮೇಲೆ ತಂದು, ತಡೆದಳು. ನನ್ನ ಮುಖ ನೋಡಿದಳು. ಆಮೇಲೆ ಅದೇ ಕೈಯನ್ನು ಕ್ಯಾನಿನ ಹೊರಮೈಗೆ ಒರೆಸಿದಳು. ಐದು ಬೆರಳಿನ ಹಳದಿ ಗೆರೆ ಮೂಡಿತು.

‘ಸಾಬ್ರು ಹೇಳ್ಯಾರ’ ಎಂದು ಚಂದ್ರಿಗೆ ಹೇಳಿದಳು. ನನಗಲ್ಲ.

ಆ ಬ್ಯಾಚಿನಲ್ಲಿ ಏನೂ ತಪ್ಪಲಿಲ್ಲ. ನೊರೆ ಬರಲಿಲ್ಲ, ಕರೆಂಟು ಹೋಗಲಿಲ್ಲ. ಮೂರನೆಯ ದಿನ ಬೆಳಗ್ಗೆ ಉಪ್ಪುನೀರು ಬಿಟ್ಟೆ. ಬಿಳಿಯ ಮಣಿಗಳ ನಡುವೆ ಮೊದಲು ಇದೆಯೋ ಇಲ್ಲವೋ ಎನ್ನುವಂತೆ, ಆಮೇಲೆ ಸ್ಪಷ್ಟವಾಗಿ, ಎಳೆಗೂಸಿನ ಉಗುರಿನ ಬಣ್ಣದ ಒಂದು ಪಟ್ಟಿ ಕೆಳಗಿಳಿಯತೊಡಗಿತು. ಸರ್ ಸ್ಟೂಲಿನ ಮೇಲೆ ಕುಳಿತು, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡಿದರು. ತಟ್ಟೆಯ ಮೇಲೆ ಉಂಗುರ ಬಂತು. ಈ ಸಲ ಅದು ಯಾರದೆಂದು ಗೊತ್ತಿತ್ತು. ಪುಡಿ ಮಾಡಿ, ಸೀಸೆಗೆ ತುಂಬಿ, ಐಸಿನಲ್ಲಿಟ್ಟು ಮುಂಬೈಗೆ ಕಳಿಸಿದೆವು.

ಕ್ಯಾನನ್ನು ನಾನು ಭೀಮವ್ವನಿಗೆ ಮುಟ್ಟಿಸಿ ಬಂದಿದ್ದೆ. ಒಳಗೆ ಕುದಿಸಿ ತೊಳೆದಿದ್ದೆ. ಹೊರಗಿನ ಬೆರಳ ಗೆರೆಗಳನ್ನು ಹಾಗೇ ಬಿಟ್ಟಿದ್ದೆ. ಹಿಡಿಕೆಗೆ ಎಂದಿಗಿಂತ ದೊಡ್ಡ ಬೆಲ್ಲದ ಉಂಡೆ.

ಅದಾಗಿ ಒಂದು ವಾರದ ಮೇಲೆ ಭೀಮವ್ವ ತಾನೇ ನಾಚಾರಂಗೆ ಬಂದಳು. ಅವಳು ಶೆಡ್ಡಿಗೆ ಬಂದದ್ದು ಅದೇ ಮೊದಲು. ಯಾರನ್ನು ಕೇಳಿಕೊಂಡು ಬಂದಳೋ ತಿಳಿಯದು. ಬಾಗಿಲಲ್ಲಿ ನಿಂತು, ಸೆರಗಿನಡಿಯಿಂದ ಕ್ಯಾನನ್ನು ತೆಗೆದು ಕಟ್ಟೆಯ ಮೇಲೆ ಇಟ್ಟಳು. ಬೂದಿ ಹಚ್ಚಿ ತಿಕ್ಕಿದ್ದಳು. ಒಳಗೂ ಹೊರಗೂ ಹೊಳೆಯುತ್ತಿತ್ತು. ಬೆರಳಿನ ಗೆರೆಗಳಿರಲಿಲ್ಲ. ಹಿಡಿಕೆಗೆ ಏನೂ ಕಟ್ಟಿರಲಿಲ್ಲ.

‘ಬಾ ಭೀಮವ್ವಾ, ಒಳಗ ಬಾ, ಚಾ ಕುಡಿ’ ಎಂದೆ ನಾನು, ಏನೂ ತಿಳಿಯದೆ.

‘ಒಲ್ಲೆ ತಂಗಿ. ಬಸ್ಸು ಹೋಗತೈತಿ’ ಎಂದಳು. ಸರ್ ಒಳಗಿನಿಂದ ಹೊರಬರುವಷ್ಟರಲ್ಲಿ ಅವಳು ಬ್ಯಾಟರಿ ಅಂಗಡಿ ದಾಟಿಬಿಟ್ಟಿದ್ದಳು. ಸರ್ ಮುಚ್ಚಳ ತೆಗೆದು ಒಳಗೆ ನೋಡಿದರು. ಕ್ಯಾನಿನ ತಳದಲ್ಲಿ ಅವರ ಮುಖವೇ ಕಾಣುತ್ತಿದ್ದಿರಬೇಕು. ನಿಧಾನಕ್ಕೆ ಮುಚ್ಚಿದರು.

‘ಕರು ಹೋಗೈತಿ’ ಎಂದರು.

ಮರುದಿನ ಇಬ್ಬರೂ ಉಪ್ಪಲ್‌ಗೆ ಹೋದೆವು. ಕರು ಭೇದಿಯಾಗಿ ಎರಡೇ ದಿನದಲ್ಲಿ ಸತ್ತಿತ್ತು. ಆ ವರ್ಷ ಹಿಂಗಾರು ಮಳೆ ಜೋರು, ಕೊಟ್ಟಿಗೆ ತುಂಬ ಕೆಸರು. ಸಾಲಿನಲ್ಲಿ ಇನ್ನೂ ಎರಡು ಕರು ಸತ್ತಿದ್ದವು. ಚಂದ್ರಿ ಹಾಲು ಬಿಡುತ್ತಿರಲಿಲ್ಲ. ಪಕ್ಕದವರು, ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸು, ಇಲ್ಲವೆ ಹಾಲಿಳಿಸುವ ಸೂಜಿ ಚುಚ್ಚಿಸು ಎಂದಿದ್ದರಂತೆ. ಭೀಮವ್ವ ಎರಡಕ್ಕೂ ಒಪ್ಪಿರಲಿಲ್ಲ. ‘ಆಕಿಗೆ ಸುಳ್ಳು ಹೇಳಂಗಿಲ್ಲ’ ಎಂದಿದ್ದಳು.

ಸರ್ ಅದೇ ಇಟ್ಟಿಗೆಯ ಮೇಲೆ ಕುಳಿತರು. ಅವಳು ನಿಂತೇ ಇದ್ದಳು.

‘ಸಾಬ್ರ, ನೀವೇನೋ ಮಾಡಿದ್ರಿ ಅಂತ ನಾ ಅನ್ನಂಗಿಲ್ಲ’ ಎಂದಳು. ‘ನೀವು ಮಾಡಿಲ್ಲ. ನಾ ಮಾಡಬೇಕಾದ್ದು ಮಾಡಲಿಲ್ಲಲ್ಲ, ಅದು ನನ್ನ ಹೊಟ್ಟ್ಯಾಗ ಕುಂತೈತಿ. ಚಿಟಿಕಿ ಕೈಯಾಗಿತ್ತು ನೋಡ್ರಿ. ಕೈಯಾಗ ಇತ್ತು.’

ಎರಡು ಬೆರಳು ಜೋಡಿಸಿ ತೋರಿಸಿದಳು.

ನಾನು ಸರ್ ಮುಖ ನೋಡಿದೆ. ಅವರು ಹೇಳುತ್ತಾರೆಂದು ಕಾದೆ. ಕೆಸರು, ಭೇದಿ, ಸತ್ತ ಇನ್ನೆರಡು ಕರುಗಳು, ಎಲ್ಲವನ್ನೂ ಪಟಗಾದ ಹಾಗೆ ಸುಲಭ ಮಾಡಿ ಹೇಳಬಲ್ಲವರು ಅವರು. ಬಾಯಿ ತೆರೆದರು ಕೂಡ. ಆದರೆ, ‘ಹೌದವಾ’ ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. ಚಂದ್ರಿ ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಆಗಾಗ ಹಿಂದೆ ತಿರುಗಿ, ಕರು ಮಲಗುತ್ತಿದ್ದ ಜಾಗ ಮೂಸಿ ನೋಡುತ್ತಿತ್ತು.

ಆಟೋದಲ್ಲಿ ನಾನು ಸುಮ್ಮನಿರಲಾಗದೆ ಕೇಳಿದೆ. ‘ಸರ್, ಅರಿಶಿಣಕ್ಕೂ ಅದಕ್ಕೂ ಸಂಬಂಧ ಇಲ್ಲಂತ ನೀವು ಹೇಳಬೇಕಿತ್ತು. ಪಾಪ, ಸುಮ್ಮನ ತನ್ನ ಮ್ಯಾಲ ಹಾಕೊಂಡಾಳ.’

ಅವರು ರಸ್ತೆಯ ಕಡೆ ನೋಡುತ್ತಿದ್ದರು. ‘ನನ್ನ ಮಾತು ಒಮ್ಮೆ ನಂಬಿದ್ದಕ್ಕ ಹಿಂಗಾತು ಅಂತ ಆಕಿ ತಿಳಕೊಂಡಾಳ, ಶೈಲಾ. ಎರಡನೇ ಸಲ ನಂಬು ಅಂತ ಯಾವ ಬಾಯಿಲೆ ಹೇಳ್ಲಿ?’

ಅವತ್ತಿನ ದಿನಚರಿಯಲ್ಲಿ ನಾನು ತಾರೀಖು ಬರೆದಿದ್ದೇನೆ, ‘ಮೋಡ’ ಎಂದು ಬರೆದಿದ್ದೇನೆ. ಕೆಳಗೆ ಪುಟ ಖಾಲಿ.

ಸಂಕ್ರಾಂತಿಯ ಹೊತ್ತಿಗೆ ಮುಂಬೈನಿಂದ ವರದಿ ಬಂತು. ಚಂದ್ರಿಯ ಹಾಲಿನ ಮಾದರಿ ಪಾಸಾಗಿತ್ತು. ರಚನೆ ಎಲ್ಲೂ ಕೆಟ್ಟಿಲ್ಲ ಎಂದಿದ್ದರು. ಇದೇ ಗುಣದ ಇನ್ನೂ ಮೂರು ಬ್ಯಾಚ್ ಬೇಕು, ಫೆಬ್ರವರಿ ಮುಗಿಯುವುದರೊಳಗೆ. ನಾನು ಉತ್ಸಾಹದಿಂದ ತಬೇಲಾಗಳ ಪಟ್ಟಿ ಮಾಡಿದೆ. ಬೇರೆ ಕಡೆಯಿಂದ ತಂದ ಹಾಲು ಬೇರೆಯೇ ಇತ್ತು. ಎರಡನೆಯ, ಮೂರನೆಯ ದಿನದ್ದನ್ನು ಮೊದಲ ದಿನದ್ದೆಂದು ಕೊಡುತ್ತಿದ್ದರು. ಕೆಲವರು ಕೆಡಬಾರದೆಂದು ಬೆಚ್ಚಗೆ ಮಾಡಿ ಕೊಟ್ಟರು. ಒಂದು ಕಡೆ ಮಾತ್ರ ಹಾಲು ನಿಜವಾಗಿಯೂ ಮೊದಲನೆಯದಿತ್ತು. ಆದರೆ ಅಲ್ಲಿ ಗಂಡು ಕರುವನ್ನು ದೂರ ಕಟ್ಟಿಹಾಕಿ, ಅದು ಕುಡಿಯುವ ಮೊದಲೇ ಪೂರ್ತಿ ಕರೆದಿದ್ದರು. ನಾನು ಅದನ್ನು ಸರ್‌ಗೆ ಹೇಳಿದೆ. ಅವರು ಆ ಹಾಲನ್ನು ಒಳಗೆ ತರಲು ಬಿಡಲಿಲ್ಲ.

‘ಸರ್, ಇದರಾಗ ಬರತೈತಿ. ಖಂಡಿತ ಬರತೈತಿ.’

‘ಬರತೈತಿ, ಗೊತ್ತೈತಿ. ತಿರುಗಿ ಕೊಟ್ಟು ಬಾ. ಕರುಕ್ಕ ಕುಡಸ್ರಿ ಅಂತ ಹೇಳು.’

‘ಭೀಮವ್ವನ ಕಡೆ ಹೋಗಲೇನು? ಸಾಲಿನಾಗ ಇನ್ನೊಂದು ಎಮ್ಮಿ ಈಯೂದೈತಿ.’

ಸರ್ ಕಪಾಟಿನ ಮೇಲಿದ್ದ ತೊಳೆದ ಕ್ಯಾನಿನ ಕಡೆ ನೋಡಿದರು. ‘ಆಕಿ ಹೇಳಿ ಹೋಗ್ಯಾಳಲ್ಲ’ ಎಂದರು.

ಫೆಬ್ರವರಿ ಮುಗಿಯಿತು. ಮಾರ್ಚಿನಲ್ಲಿ ಶೆಡ್ ಬಿಟ್ಟೆವು. ಗಾಜಿನ ಕೊಳವೆಗಳನ್ನು ಒಂದು ಕಾಲೇಜಿನವರು ಒಯ್ದರು. ತಣ್ಣನೆಯ ಕೋಣೆಗೆ ಕಂಪ್ಯೂಟರುಗಳು ಬಂದವು. ಕಡೆಯ ದಿನ ನಾನು ಉಪ್ಪಲ್‌ಗೆ ಹೋಗಿ ನೋಡಿದೆ. ಭೀಮವ್ವನ ಕೊಟ್ಟಿಗೆಯಲ್ಲಿ ಬೇರೆಯವರಿದ್ದರು. ಚಂದ್ರಿಯನ್ನು ಮಾರಿ, ಅವಳು ಮಾದಾಪುರದ ಕಡೆ ಹೊಸ ಆಫೀಸುಗಳ ಕಟ್ಟಡದ ಕೆಲಸಕ್ಕೆ ಹೋದಳು ಎಂದರು. ಯಾವ ಕಟ್ಟಡ ಎಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಆಗ ದಿನಕ್ಕೊಂದು ಏಳುತ್ತಿತ್ತು. ನಾನು ಊರಿಗೆ ಬಂದು ಹಾಲಿನ ಡೇರಿಯ ಲ್ಯಾಬಿನಲ್ಲಿ ಕೆಲಸ ಹಿಡಿದೆ.

ಆ ಮಧ್ಯಾಹ್ನ ಸರ್ ಮಗಳು ಕ್ಯಾನನ್ನು ನನ್ನ ಕೈಗೆ ಕೊಡುವಾಗ ಒಂದು ಮಾತು ಕೇಳಿದ್ದರು. ‘ಇದು ಏನ್ರಿ ಅಂಥಾದ್ದು? ನಡಿಯೂದು ಆಗೂತನಕ ಅಪ್ಪ ಇದನ್ನ ತಗೊಂಡು ಬಸ್ ಹತ್ತತಿದ್ರು. ಮಾದಾಪುರ, ಕೊಂಡಾಪುರ, ಎಲ್ಲೆಲ್ಲಿ ನಮ್ಮ ಕಡೆ ಮಂದಿ ಕಟ್ಟಡದ ಕೆಲಸ ಮಾಡತಾರೋ ಅಲ್ಲೆಲ್ಲ. ಯಾರೋ ಹೆಣ್ಣಮಗಳನ್ನ ಹುಡುಕಾಕತ್ತಿದ್ರು. ಆಮ್ಯಾಲ ಆಗಲಿಲ್ಲ. ಶೈಲಾ ಬಂದ್ರ ಕೊಡು ಅಂದ್ರು.’

ನಾನು ಅವರಿಗೆ ಪೂರ್ತಿ ಹೇಳಲಿಲ್ಲ. ಅವರು ಹಾಲಿನ ವ್ಯವಹಾರವೇನೋ ಇರಬೇಕೆಂದುಕೊಂಡರು.

ಕಾಚಿಗೂಡದಲ್ಲಿ ನಿಂತು ನಾನು ಎಲೆಯಲ್ಲಿ ಒಂದು ತುಂಡು ಗಿಣ್ಣ ಕೊಂಡೆ. ತಿನ್ನಲಾಗಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು, ಗಿಣ್ಣವನ್ನು ಇಡಲು ಜಾಗ ಬೇಕೆಂದು ಚೀಲದಿಂದ ಕ್ಯಾನು ತೆಗೆದು ಮುಚ್ಚಳ ತಿರುವಿದೆ. ಅದು ಬಿಗಿಯಾಗಿತ್ತು.

ಒಳಗೆ, ತಳದಲ್ಲಿ, ಒಂದು ಬೆಲ್ಲದ ಉಂಡೆ ಇತ್ತು. ಹಳೆಯದು, ಕರಗಿ ಕಪ್ಪಾಗಿ ಸ್ಟೀಲಿಗೆ ಅಂಟಿಕೊಂಡಿತ್ತು. ಅದರ ಮೇಲೆ ಒಂದು ಚಿಟಿಕೆ ಅರಿಶಿಣ. ಒಂದು ಕಾಳು ಸಕ್ಕರೆಯೂ ಒಳಗಿರಬಾರದು ಎಂದವರು, ಹಿಡಿಕೆಗೆ ಕಟ್ಟಿರಲಿಲ್ಲ. ಒಳಗೇ ಇಟ್ಟಿದ್ದರು.

ನನ್ನ ಪಕ್ಕ ಶಹಾಬಾದಿಗೆ ಹೋಗುವ ಒಂದು ಸಂಸಾರ ಗಂಟುಮೂಟೆ ಇಟ್ಟುಕೊಂಡು ಕುಳಿತಿತ್ತು. ಆ ಮನೆಯಾಕೆ ಬಗ್ಗಿ ನೋಡಿ, ‘ಅಯ್ಯ, ಇರವಿ ಹತ್ತತಾವ್ರಿ ಅದಕ್ಕ. ನಳ ಅಲ್ಲೇ ಐತಿ ನೋಡ್ರಿ, ತೊಳದು ತರ್ರಿ’ ಎಂದಳು.

‘ಇರಲಿ ಬಿಡ್ರಿ, ತೊಳಿಯೂದು ಬ್ಯಾಡ’ ಎಂದೆ. ಮುಚ್ಚಳ ಮತ್ತೆ ಬಿಗಿಮಾಡಿ, ಕ್ಯಾನನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡು ಕುಳಿತೆ.